ಗುಡ್ಡದ ಮೇಲಿನ ಹವಾ

ರಾಮದುರ್ಗದ ಹವಾ ಶುದ್ಧ ಎನ್ನುವವರು ಎಪ್ಪತ್ತರ ದಶಕದಲ್ಲಿ ಚಳಿಗಾಲದ ಒಂದು ಮುಂಜಾನೆಯನ್ನೂ ಅಲ್ಲಿ ಕಳೆದವರಲ್ಲ. ಊರು ಗುಡ್ಡಗಳ ನಡುವೆ ಬೋಗುಣಿಯಂತೆ ಕೂತಿದೆ. ಒಲೆಗಳ ಹೊಗೆ ಮೇಲೇಳದೆ, ಬಿಸಿಲೇರುವತನಕ ಓಣಿಯಲ್ಲೇ ಬಿದ್ದಿರುತ್ತಿತ್ತು. ಅದರಲ್ಲಿ ನನ್ನ ಸೋದರತ್ತೆ ವರ್ಷದ ಖಾರಕ್ಕೆ ಮೆಣಸಿನಕಾಯಿ ಹುರಿಯಲು ಕೂತರೆ ಓಣಿಗೆ ಓಣಿಯೇ ಕೆಮ್ಮುತ್ತ ಅವಳನ್ನು ಬೈಯುತ್ತಿತ್ತು.

ಬೈಗುಳಕ್ಕೆ ರೋಸಿಹೋದ ಅತ್ತೆ ಒಂದು ವರ್ಷ ನಸುಕಿನಲ್ಲೇ ಮೆಣಸಿನಕಾಯಿ ಬುಟ್ಟಿ, ಬಾಣಲೆ, ಕಟ್ಟಿಗೆ ಹೊತ್ತು, ನನ್ನನ್ನೂ ಕರೆದುಕೊಂಡು ಗುಡ್ಡ ಹತ್ತಿದಳು. ಅಲ್ಲಿ ಹುರಿದರೆ ಘಾಟು ಆಕಾಶಕ್ಕೆ ಹೋಗುತ್ತದೆ ಎಂಬುದು ಅವಳ ಲೆಕ್ಕ. ಘಾಟು ಆಕಾಶದ ಕಡೆ ತಿರುಗಿಯೂ ನೋಡಲಿಲ್ಲ. ತಣ್ಣನೆಯ ಗಾಳಿಯ ಜೊತೆ, ನೀರು ಹರಿದಂತೆ, ಇಳಿಜಾರು ಹಿಡಿದು ನೇರ ಊರಿಗೆ ಇಳಿಯಿತು. ಮೊದಲು ಒಂದು ಓಣಿ ಕೆಮ್ಮುತ್ತಿತ್ತು, ಈಗ ಇಡೀ ಊರು ಕೆಮ್ಮುವುದು ಮೇಲಕ್ಕೆ ಕೇಳಿಸತೊಡಗಿತು.

ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತ ನೆರೆಯವರು ಜಗಳಕ್ಕೆ ಹತ್ತಿ ಬಂದರು. ಅತ್ತೆ ಸೌಟು ಬಿಡದೆ, "ಕುಂದರ್ರಿ, ಇಲ್ಲೆ ಹವಾ ಭಾಳ ಚಲೋ ಐತಿ" ಎಂದಳು. ಅದು ಸುಳ್ಳಲ್ಲ. ಬಂದವರ ಕೆಮ್ಮು ನಿಂತಿತು, ಒಬ್ಬೊಬ್ಬರಾಗಿ ಕೂತರು. ಎಲ್ಲರಿಗಿಂತ ಜೋರಾಗಿ ಬೈಯುತ್ತ ಬಂದಿದ್ದ ಎದುರು ಮನೆಯಾತ ಕೆಳಗಿನ ಮಬ್ಬನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೆತ್ತಗೆ ಕೇಳಿದ:

"ಅಕ್ಕಾರ, ನಾಳಿ ನಮ್ಮ ಮನಿ ಮೆಣಸಿನಕಾಯಿನೂ ತರ್ಲೇನ್ರಿ?"