ಪೊರೆ ಬಿಡದ ಚಾವಟಿ ಜೇಡ

ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನನ್ನು ಶಿರಹಟ್ಟಿಯಿಂದ ಬೆಟಗೇರಿಯ ನಮ್ಮ ಮನೆಗೆ ಕರೆತಂದೆ. ಬಸ್ಸು ಓಡಿಸಿ ನಿವೃತ್ತನಾದವನು, ಮಾತಿನ ಮಲ್ಲ. ಈಗ ಊಟಕ್ಕೆ ಕರೆದರೆ ಬಂದು, ತಲೆ ತಗ್ಗಿಸಿ ಉಂಡು ಎದ್ದುಹೋಗುತ್ತಿದ್ದ.

ಡೋಣಿ ಎಂಬ ಹಳ್ಳಿಯ ಗೆಳೆಯನ ಹೊಲಕ್ಕೆ ಹೋಗಿಬಂದ ದಿನ ಅವನು ಡಬ್ಬಿಯೊಂದನ್ನು ನನ್ನ ಮುಂದಿಟ್ಟ.

"ಹಳೇ ಬಾವಿ ಮುಚ್ಚಾಕ ಕಲ್ಲು ಕೀಳೂವಾಗ ಸಿಕ್ತು. ಚೇಳಂತ ಚಪ್ಲಿ ಎತ್ತಿದ್ರು. ನಾ ಬಿಡಿಸ್ಕೊಂಡು ಬಂದೆ. ಏನಿದು, ನೋಡು."

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಡಬ್ಬಿ ತೆರೆದೆ. ಚಪ್ಪಟೆ ಮೈ, ಮುಂದಿನ ಎರಡು ಕಾಲು ದಾರದಷ್ಟು ತೆಳು, ಉದ್ದ. ಚಾವಟಿ ಜೇಡ.

"ವಿಷ ಇಲ್ಲ ಅಣ್ಣಾ. ಆದ್ರ ಇದಕ್ಕ ತೇವ ಬೇಕು. ನಮ್ಮೂರ ಬ್ಯಾಸಿಗ್ಯಾಗ ಉಳಿಯೂದು ಕಷ್ಟ."

"ಉಳಿಸೂಣು," ಎಂದ. ಎಷ್ಟೋ ದಿನಗಳ ನಂತರ ಅವನು ಇಷ್ಟು ಮಾತಾಡಿದ್ದು ಅಂದೇ.

ಗಾಜಿನ ಪೆಟ್ಟಿಗೆಗೆ ತೆಂಗಿನ ನಾರಿನ ಪುಡಿ ಹಾಸಿ, ಬೇವಿನ ತೊಗಟೆಯನ್ನು ನಿಲ್ಲಿಸಿದೆವು. ಒಂದು ಮೂಲೆ ಮಾತ್ರ ಒದ್ದೆ, ಉಳಿದದ್ದು ಒಣ. ಜಾಲರಿಯ ಮುಚ್ಚಳದ ಅರ್ಧಕ್ಕೆ ಪ್ಲಾಸ್ಟಿಕ್ ಹಾಳೆ. ಪೂರ್ತಿ ಮುಚ್ಚಿದರೆ ಬೂಷ್ಟು ಹಿಡಿಯುತ್ತಿತ್ತು, ತೆರೆದಿಟ್ಟರೆ ಮಧ್ಯಾಹ್ನದೊಳಗೆ ಪುಡಿ ಹಪ್ಪಳದಂತಾಗುತ್ತಿತ್ತು. ಅಣ್ಣ ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ತೇವ ತೋರಿಸುವ ಮೀಟರಿನ ಮುಳ್ಳು ಇಳಿದಾಗಲೆಲ್ಲ ನೀರು ಚಿಮುಕಿಸುತ್ತಿದ್ದ. ಜಿರಲೆ ಹಿಡಿದು ಹಾಕುತ್ತಿದ್ದ. ನನ್ನೊಡನೆ ಮಾತನ್ನೂ ಆಡತೊಡಗಿದ.

ಚೈತ್ರ ಕಳೆಯುವಷ್ಟರಲ್ಲಿ ಬಿಸಿಗಾಳಿ ಎದ್ದಿತು. ಒದ್ದೆ ಗೋಣಿತಟ್ಟು ಸುತ್ತಿದರೂ ಮುಳ್ಳು ಮೇಲೇರುತ್ತಿರಲಿಲ್ಲ. ಅಂಥದೊಂದು ಬೆಳಿಗ್ಗೆ ಜೇಡ ತೊಗಟೆಯಿಂದ ತಲೆಕೆಳಗಾಗಿ ಜೋತುಬಿದ್ದಿತ್ತು. ಪೊರೆ ಕಳಚುವ ಹೊತ್ತು. ಬೆನ್ನು ಬಿರಿದು ಹೊಸ ಮೈ ಹಸಿರು ಛಾಯೆಯಲ್ಲಿ ಅರ್ಧ ಹೊರಬಂತು, ಅಲ್ಲೇ ನಿಂತಿತು. ಒಣಗಿದ ಪೊರೆ ಕಾಲುಗಳನ್ನು ಬಿಡಲಿಲ್ಲ. ಅದು ಎಳೆಯಿತು, ಸುಮ್ಮನಾಯಿತು, ಮತ್ತೆ ಎಳೆಯಿತು.

"ಬಿಡಿಸ್ಲೇನು?" ಅಣ್ಣನ ಕೈ ಆಗಲೇ ಮುಚ್ಚಳದ ಮೇಲಿತ್ತು.

"ಬ್ಯಾಡ. ಮುಟ್ಟಿದ್ರ ಕಾಲು ಹರೀತಾವ."

ಸುತ್ತಲೂ ನೀರು ಚಿಮುಕಿಸಿದೆವು. ಬೇರೇನೂ ನನಗೆ ತೋಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಳೆಯುವುದು ನಿಂತಿತು, ಮತ್ತೆ ಶುರುವಾಗಲಿಲ್ಲ.

ಅಣ್ಣ ನೀರು ಚಿಮುಕಿಸುವ ಬಾಟಲಿಯನ್ನು ಕೆಳಗಿಟ್ಟ. ಆಮೇಲೆ ಹೇಳಿದ:

"ದವಾಖಾನ್ಯಾಗ ನಿಮ್ಮತ್ತಿಗಿ ನೀರು ನೀರು ಅಂತಿದ್ಲು. ಆಪರೇಶನ್ ಆಗೂತನಕ ಕೊಡಬ್ಯಾಡ್ರಿ ಅಂದಿದ್ರು. ತುಟಿ ಒಡದಿದ್ವು. ನಾ ಒಂದ್ ಹನಿ ಹಾಕ್ಲಿಲ್ಲ. ಒಳಗ ಹೋದಾಕಿ ಹೊರಗ ಬರಲೇ ಇಲ್ಲ."

ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

"ಅವರು ಹೇಳಿದ್ದು ಖರೇನ ಅಣ್ಣಾ. ನೀ ಮಾಡಿದ್ದು ಸರಿ."

"ಸರೀನ ಇರಬೇಕು," ಎಂದ. "ಆದ್ರ ಆಕಿ ನನ್ನ ಮಾರಿ ನೋಡ್ಕೋತ ಕೇಳಿದ್ಲು."

ನಾನು ಅವನ ಭುಜದ ಮೇಲೆ ಕೈಯಿಟ್ಟೆ. ಅವನು ಅದನ್ನು ಮೆಲ್ಲಗೆ ಸರಿಸಿದ. ಮಳೆ ಬೀಳುವ ಮೊದಲೇ ಶಿರಹಟ್ಟಿಗೆ ಮರಳಿದ. ಫೋನು ಮಾಡಿದರೆ ಎತ್ತುತ್ತಾನೆ, 'ಆರಾಮ ಅದೀನಿ' ಎನ್ನುತ್ತಾನೆ, ಇಡುತ್ತಾನೆ.