ಹೊಳೆಮಣ್ಣಿನ ಹಳದಿ ಕಲ್ಲು

ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನನ್ನ ಅಣ್ಣ ರಕ್ತ ಕಾರತೊಡಗಿದ್ದ. ಮದರಾಸಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ನಮ್ಮಲ್ಲಿ ಏನೂ ಇರಲಿಲ್ಲ. ಆಗಲೇ, ಅದೇ ಕಾರ್ಖಾನೆಗೆ ದೋಣಿಯಲ್ಲಿ ಬಂದ ಹೊಳೆಮಣ್ಣು ಹೊರುವಾಗ ಅತ್ತಿಗೆಗೆ ನೆಲ್ಲಿಕಾಯಿಯಷ್ಟು ದೊಡ್ಡ ಹಳದಿ ಕಲ್ಲೊಂದು ಸಿಕ್ಕಿತು. ಹಿತ್ತಾಳೆ ದೀಪ ಬೆಳಗುವಂತೆ ಅದನ್ನು ಹುಣಸೆಹುಳಿಯಲ್ಲಿ ತಿಕ್ಕಿ, ನನ್ನನ್ನೂ ಕರೆದುಕೊಂಡು ಬಂದರಿನ ಬಳಿಯ ಅಕ್ಕಸಾಲಿಗನ ಅಂಗಡಿಗೆ ಹೋದಳು.

ಆತ ಕಲ್ಲನ್ನು ಬಿಸಿಲಿನಿಂದ ನೆರಳಿಗೆ ತಂದ. ಹೊಳಪು ಆರಿತು.

"ಚಿನ್ನಕ್ಕೆ ನೆರಳಲ್ಲೂ ಅದೇ ಬಣ್ಣ ಉಂಟು ಅಕ್ಕ. ಒಂದು ಪೆಟ್ಟು ಹೊಡೆದು ನೋಡ್ತೇನೆ. ಚಿನ್ನವಾದ್ರೆ ಚಪ್ಪಟೆಯಾಗ್ತದೆ, ಅಲ್ಲದಿದ್ರೆ ಒಡೀತದೆ."

"ಹೊಡೀಬೇಡಿ ಆಚಾರ್ರೆ, ಇದರಲ್ಲಿ ದೈವಕ್ಕೂ ಪಾಲು ಕೊಡ್ತೇನೆಂದು ಹರಕೆ ಹೇಳಿದ್ದೇನೆ."

"ನೋಡದಿದ್ರೆ ದೈವಕ್ಕೆ ಎಂತ ಕೊಡ್ತೀರಿ, ಹೊಳೆಯ ಕಲ್ಲಾ?"

ಅತ್ತಿಗೆ ತಾನೇ ಸುತ್ತಿಗೆ ಎತ್ತಿಕೊಂಡು ಮೆಲ್ಲನೆ ತಟ್ಟಿದಳು. ಏನೂ ಆಗಲಿಲ್ಲ. ನನ್ನ ಮುಖ ನೋಡಿ ನಕ್ಕಳು.

"ಅದು ಪೆಟ್ಟಾ ಅಕ್ಕ?" ಎಂದ ಆತ.

ಅತ್ತಿಗೆಯ ಎರಡನೆಯ ಪೆಟ್ಟಿಗೆ ಕಲ್ಲು ಹುಡಿಯಾಗಿ ಗಂಧಕದ ವಾಸನೆ ಬಂತು.

ಅಕ್ಕಸಾಲಿಗರು ಅಂಗಡಿಯ ನೆಲದ ಧೂಳನ್ನೂ ಎಸೆಯುವುದಿಲ್ಲ, ತೊಳೆದು ಚಿನ್ನದ ಕಣ ಹುಡುಕುತ್ತಾರೆ. ಅದು ಅತ್ತಿಗೆಗೆ ಗೊತ್ತಿತ್ತು. ಮೊಣಕಾಲೂರಿ ಹುಡಿಯನ್ನೆಲ್ಲ ಸೆರಗಿಗೆ ಬಳಿದುಕೊಂಡು, "ಇದನ್ನೂ ಒಮ್ಮೆ ತೊಳೆದು ನೋಡಿ" ಎಂದಳು.

ಆತ ತಟ್ಟೆಗೆ ಹಾಕಿ ತೊಳೆದ. ತಟ್ಟೆಯಲ್ಲಿ ಕಪ್ಪು ಕೆಸರು ಉಳಿಯಿತು. ಅತ್ತಿಗೆ ಅದನ್ನು ನೆರಳಿನಿಂದ ಬಿಸಿಲಿಗೆ ಹಿಡಿದು ನೋಡುತ್ತಲೇ ಇದ್ದಳು.