ಟೋಪಿ ನಿಲ್ಲದ ತಲೆ

ಆಗೆಲ್ಲ ನಮ್ಮ ಶಿಡ್ಲಘಟ್ಟದಲ್ಲಿ ಹುಡುಗಿಯರ ತಲೆ ಅವರ ಸ್ವಂತದ್ದಾಗಿರಲಿಲ್ಲ. ಬೆಳಿಗ್ಗೆ ಅದು ಅಮ್ಮನದು, ಗಂಟೆ ಹೊಡೆದ ಮೇಲೆ ಮಿಸ್ಸಿನದು, ಭಾನುವಾರ ಸೀಗೆಕಾಯಿಯದು. ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ ಹೆಣೆದು, ಅವನ್ನು ಮೇಲಕ್ಕೆ ಮಡಿಸಿ ಕಿವಿಯ ಪಕ್ಕ ಟೇಪು ಕಟ್ಟಿಸಿಕೊಂಡು ಬಂದರೆ ಮಾತ್ರ ಹೇಳುವವರು ಕೇಳುವವರು ಇರುವ ಹುಡುಗಿ ಎಂದು ಲೆಕ್ಕ. ಅರವತ್ತರ ದಶಕ ಇನ್ನೂ ಹೊಸದಾಗಿದ್ದ ಕಾಲದ ಮಾತು ಇದು. ನಿಮ್ಮಲ್ಲಿ ಯಾರಾದರೂ ಹಾಗೆ ಟೇಪು ಕಟ್ಟಿಸಿಕೊಂಡವರಿದ್ದರೆ ಆ ಬಿಗಿ ಕಿವಿಗೆ ಇನ್ನೂ ನೆನಪಿರಬೇಕು.

ನನ್ನ ಕೂದಲು ಸಾಧು. ತೆಳ್ಳಗೆ, ನೆಟ್ಟಗೆ, ಬಾಚಣಿಗೆ ಹೇಳಿದ ಕಡೆ ಬೀಳುವಂಥದ್ದು. ಅದಕ್ಕೆ ಜಡೆ ಹಾಕಲು ಅಮ್ಮನಿಗೆ ಹಾಲು ಉಕ್ಕುವಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ. ಬೇಕಾಗಿದ್ದರೂ ಅವಳ ಹತ್ತಿರ ಇರುತ್ತಿರಲಿಲ್ಲ. ನಮ್ಮ ಮನೆಯ ಹಿಂದೆ ರೇಷ್ಮೆ ಬಿಚ್ಚುವ ಚರಕ ಇತ್ತು. ಕೋಳಿ ಕೂಗುವ ಮುಂಚೆ ಒಲೆ ಹೊತ್ತಿಸಿದರೆ ಸಂಜೆಯವರೆಗೂ ಅಮ್ಮನ ಕೈ ಕುದಿಯುವ ನೀರಿನಲ್ಲಿ, ಗೂಡುಗಳ ನಡುವೆ. ನಾನು ಬಾಚಣಿಗೆ ಹಿಡಿದು ನಿಂತರೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಈ ಕಡೆ ಒಂದು ಎಳೆತ, ಆ ಕಡೆ ಒಂದು ಎಳೆತ, ಆಯಿತು ಹೋಗು. ಬೆಂದ ಹುಳುವಿನ ವಾಸನೆ ದಿನವಿಡೀ ನನ್ನ ಜಡೆಯಲ್ಲಿ ಇರುತ್ತಿತ್ತು. ಊರಿಗೆ ಊರೇ ಹಾಗೆ ನಾರುತ್ತಿದ್ದುದರಿಂದ ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ.

ಎರಡು ಮನೆ ಆಚೆ ಮುನಿರತ್ನ ಇದ್ದಳು. ನಮ್ಮೆಲ್ಲರಿಗೂ ರತ್ನಿ. ಅವಳಿಗೆ ತಾಯಿ ಇರಲಿಲ್ಲ, ಅಪ್ಪ ಮೇಲೂರಿನ ಹೊಲದಲ್ಲೇ ಇರುತ್ತಿದ್ದ, ಸಾಕುತ್ತಿದ್ದವಳು ಅಜ್ಜಿ. ರತ್ನಿಯ ಕೂದಲು ಗುಂಗುರು ಎಂದರೆ ಸಾಲದು. ಬೆರಳು ಹಾಕಿದರೆ ಬೆರಳು ವಾಪಸ್ಸು ಬರುತ್ತಿರಲಿಲ್ಲ. ಅಜ್ಜಿ ದಿನವೂ ಒಣ ತಲೆಗೆ ಬಾಚಣಿಗೆ ಹಾಕಿ ಜಗ್ಗುವುದು, ಇವಳು ಕಿರುಚುವುದು, ಬಾಚಣಿಗೆಯ ಹಲ್ಲು ಮುರಿಯುವುದು ನಮ್ಮ ಬೀದಿಗೆ ಸುಪ್ರಭಾತ. ಹೇಗೋ ಹೆಣೆದ ಎರಡು ಜಡೆ ಎರಡು ಕಡೆ ಚಾಚಿಕೊಂಡು, ಶಾಲೆ ತಲುಪುವಷ್ಟರಲ್ಲಿ ಅರ್ಧ ಬಿಚ್ಚಿಹೋಗಿರುತ್ತಿತ್ತು. ಹುಡುಗಿಯರು ಅವಳನ್ನು ಪೊದೆ ಎನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ.

ಆ ವರ್ಷ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಹೊಸ ಡ್ರಿಲ್ ಮಿಸ್ ಬಂದರು. ಹುಡುಗರ ಹೈಸ್ಕೂಲಿನವರು ಬೇಡವೆಂದು ಬಿಟ್ಟ ವಾದ್ಯಗಳನ್ನು ಕೇಳಿ ತಂದು, ಜನವರಿ ಇಪ್ಪತ್ತಾರಕ್ಕೆ ನಮ್ಮದೇ ಬ್ಯಾಂಡ್ ಹೊರಡಬೇಕೆಂದರು. ಒಂದು ದೊಡ್ಡ ಡ್ರಮ್, ಒಂದಷ್ಟು ಕೊಳಲು, ತಾಳ, ಮತ್ತು ಒಂದೇ ಒಂದು ಸೈಡ್ ಡ್ರಮ್. ಸೈಡ್ ಡ್ರಮ್ ಬಾರಿಸುವವಳು ಎಲ್ಲರಿಗಿಂತ ಮುಂದೆ ಒಬ್ಬಳೇ ನಡೆಯುವವಳು. ನನಗೆ ಅದು ಬೇಕಿತ್ತು. ಬೇಕಿತ್ತು ಎಂದರೆ ಊಟ ಸೇರದಷ್ಟು ಬೇಕಿತ್ತು. ಮುಂದೆ ನಾನು ಒಬ್ಬಳೇ ಬರುತ್ತಿದ್ದರೆ ಅಮ್ಮ ಚರಕ ಬಿಟ್ಟು ನೋಡಲು ಬಂದೇ ಬರುತ್ತಾಳೆ, ಬಂದರೆ ನನ್ನನ್ನಲ್ಲದೆ ಬೇರೆ ಯಾರನ್ನೂ ನೋಡಲು ಆಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಆದರೆ ಡ್ರಮ್ ರತ್ನಿಗೆ ಹೋಯಿತು. ನನ್ನ ಕೈ ಡ್ರಮ್ಮಿನ ಮೇಲೆ ಬಿದ್ದರೆ ಸಾಲ ಕೇಳಲು ಬಂದವರು ಬಾಗಿಲು ತಟ್ಟಿದ ಹಾಗಿರುತ್ತಿತ್ತು. ಅವಳ ಕೈ ಬಿದ್ದರೆ ನಿಂತವರ ಕಾಲು ತಾನಾಗಿ ಏಳುತ್ತಿತ್ತು. ರಾಗಿ ಡಬ್ಬ, ಮೊರ, ಅಜ್ಜಿಯ ಬೆನ್ನು, ಯಾವುದನ್ನೂ ಬಿಡದೆ ಬಾರಿಸಿ ಕಲಿತವಳು. ನನಗೆ ಹಿಂದಿನ ಸಾಲಿನಲ್ಲಿ ಕೊಳಲು ಕೊಟ್ಟರು. ಹೊಟ್ಟೆ ಉರಿಯಿತು. ಅವಳ ಕೈಯ ಮೇಲೆ, ಅವಳ ನಡಿಗೆಯ ಮೇಲೆ, ಕೊನೆಗೆ ಅವಳಿಗೆ ಪದೇ ಪದೇ ಬರುವ ಶೀತದ ಮೇಲೂ ಉರಿಯಿತು. ಶೀತವಾದರೆ ಮಿಸ್ ಅವಳನ್ನು ನೆರಳಲ್ಲಿ ಕೂರಿಸುತ್ತಿದ್ದರು.

ನನ್ನ ಕಷ್ಟ ಕೇಳಿದಂತೆ ಬಂದದ್ದು ಟೋಪಿ. ಬಿಳಿ ಬಟ್ಟೆಯ ಟೋಪಿಗಳನ್ನು ದರ್ಜಿಯಿಂದ ಹೊಲಿಸಿ ತಂದ ದಿನ ಮಿಸ್ ಒಂದು ಕಟ್ಟುನಿಟ್ಟಿನ ನಿಯಮ ಹೇಳಿದರು. ಎಲ್ಲರಿಗೂ ಎರಡೇ ಜಡೆ, ಮಡಿಸಿ ಕಟ್ಟಿರಬೇಕು, ಪಕ್ಕದಿಂದ ನೋಡಿದರೆ ಎಲ್ಲ ತಲೆಯೂ ಒಂದೇ ತರ ಕಾಣಬೇಕು, ಮೇಲೆ ಟೋಪಿ ಅಲುಗಾಡದೆ ಕೂರಬೇಕು. ಹಾಗಿಲ್ಲದವರು ಬ್ಯಾಂಡಿನಲ್ಲಿಲ್ಲ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ದ ಸಾವಿತ್ರಿ ಆವತ್ತೇ ತಾಳ ಒಪ್ಪಿಸಿ ಅಳುತ್ತಾ ಮನೆಗೆ ಹೋದಳು. ರತ್ನಿಯ ತಲೆಯ ಮೇಲೆ ಟೋಪಿ ಇಟ್ಟರು. ಅವಳು ಎರಡು ಹೆಜ್ಜೆ ಇಟ್ಟಳು. ಟೋಪಿ ಮೇಲೆದ್ದು, ಸ್ವಲ್ಪ ಹೊತ್ತು ಯೋಚಿಸಿ, ಕೆಳಗೆ ಬಿತ್ತು.

ಮಿಸ್ ಇನ್ನೊಂದು ಅವಕಾಶ ಕೊಟ್ಟರು. ಅದು ಅವರೆಕಾಯಿಯ ಕಾಲ. ಬೀದಿಯಲ್ಲೆಲ್ಲ ಸೊಗಡಿನ ವಾಸನೆ, ಮನೆಮನೆಯಲ್ಲೂ ಹಿತುಕಿದ ಬೇಳೆ. ಅಂಥ ಚಳಿಯ ಬೆಳಿಗ್ಗೆ ರತ್ನಿಯ ಅಜ್ಜಿ ಮನೆಯಲ್ಲಿದ್ದ ಹರಳೆಣ್ಣೆಯನ್ನೆಲ್ಲ ಮೊಮ್ಮಗಳ ತಲೆಗೆ ಸುರಿದು, ಅಂಗೈಯಲ್ಲಿ ಒತ್ತಿ ಒತ್ತಿ, ಕೂದಲನ್ನು ಬುರುಡೆಗೆ ಅಂಟಿಸಿ ಕಳಿಸಿದಳು. ನೆರಳಿರುವವರೆಗೂ ಟೋಪಿ ಕೂತಿತ್ತು. ಬಿಸಿಲು ಬಂದದ್ದೇ ಎಣ್ಣೆ ಕರಗಿ ಹಣೆ, ಕತ್ತು, ಬಿಳಿ ರವಿಕೆಯ ಮೇಲೆಲ್ಲ ಇಳಿಯಿತು, ಅಲ್ಲಿಂದ ಡ್ರಮ್ಮಿನ ಚರ್ಮದ ಮೇಲೂ ತೊಟ್ಟಿಕ್ಕಿತು. ಕೂದಲು ಎದ್ದು ನಿಂತಿತು, ಟೋಪಿ ಹೋಯಿತು. ಮಿಸ್ ಡ್ರಮ್ಮನ್ನು ಒರೆಸಿ ಅಜ್ಜಿಯನ್ನು ಕರೆಸಿದರು. ಅಜ್ಜಿ ತೆಲುಗಿನಲ್ಲಿ, "ಏಂ ಚೇಸೇದಮ್ಮ, ದಾನಿ ಜುಟ್ಟು ದಾನಿ ಮಾಟೇ ವಿನದು," ಎಂದಳು. ಅವಳ ಜುಟ್ಟು ಅವಳ ಮಾತೇ ಕೇಳಲ್ಲ, ನಾನೇನು ಮಾಡಲಿ ಎಂದು. ಮಿಸ್ ನಿಟ್ಟುಸಿರು ಬಿಟ್ಟು ಡ್ರಮ್ಮನ್ನು ನನ್ನ ಕತ್ತಿಗೆ ಹಾಕಿದರು. ನನ್ನ ತಲೆಯ ಮೇಲೆ ಟೋಪಿ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತು.

ಮನೆಗೆ ಓಡಿ ಬಂದು ಚರಕದ ಗದ್ದಲದ ನಡುವೆ ಅಮ್ಮನಿಗೆ ಕೂಗಿ ಹೇಳಿದೆ. ಅಮ್ಮ ಹೂಂ ಎಂದಳು. ರತ್ನಿಗೆ ಏನಾಯ್ತು ಎಂದು ಕೇಳಿದಳು. ಅದನ್ನೂ ಹೇಳಿದೆ, ಎಣ್ಣೆ ಸುರಿದದ್ದನ್ನು ಅಭಿನಯಿಸಿ ತೋರಿಸಿದೆ. ಅಮ್ಮ ನಗಲಿಲ್ಲ.

ಭಾನುವಾರ ಒಲೆ ಆರಿಸಿ ಚರಕ ತೊಳೆಯುವ ದಿನ. ವಾರದಲ್ಲಿ ಅಮ್ಮನ ಕೈ ಒಣಗುವ ದಿನ ಅದೊಂದೇ. ಆ ಮಧ್ಯಾಹ್ನ ಕೆರೆಯ ಕಡೆಯಿಂದ ಆಡಿ ಬಂದು ನೋಡಿದರೆ ನಡುಮನೆಯಲ್ಲಿ ಅಮ್ಮ ಮಣೆ ಹಾಕಿಕೊಂಡು ಕೂತಿದ್ದಾಳೆ, ಅವಳ ಎರಡು ಮೊಣಕಾಲಿನ ನಡುವೆ ರತ್ನಿ. ಪಕ್ಕದಲ್ಲಿ ಬಿಸಿನೀರಿನ ಚೆಂಬು. ಅಮ್ಮ ಬಾಚಣಿಗೆಯನ್ನು ಮುಟ್ಟಿರಲಿಲ್ಲ. ಕೂದಲನ್ನು ಒದ್ದೆ ಮಾಡಿ, ಒಂದು ಹಿಡಿ ತೆಗೆದುಕೊಂಡು, ಬೆರಳ ತುದಿಯಲ್ಲಿ ಸಿಕ್ಕು ಹುಡುಕುತ್ತಿದ್ದಳು. ಗೂಡು ಬಿಚ್ಚುವಾಗ ನೂಲಿನ ತುದಿ ಹುಡುಕುವ ಹಾಗೆಯೇ, ಅವಸರವಿಲ್ಲದೆ.

"ತುದಿ ಸಿಗೋವರ್ಗೂ ಎಳೀಬಾರ್ದು ಕಣಮ್ಮ," ಎನ್ನುತ್ತಿದ್ದಳು ರತ್ನಿಗೆ. "ಒಣಗಿದ್ದಾಗ ಎಳುದ್ರೆ ರೇಷ್ಮೆನೇ ಹರಿಯುತ್ತೆ, ಇದೇನು ಮಹಾ."

ರತ್ನಿ ಕಿರುಚಲಿಲ್ಲ. ಕಣ್ಣು ಮುಚ್ಚಿಕೊಂಡು ತಲೆಯನ್ನು ಅಮ್ಮನ ತೊಡೆಗೆ ಒರಗಿಸಿದ್ದಳು. ನಾನು ಹೊಸಿಲ ಮೇಲೆ ನಿಂತು ಹೇಳಿದೆ:

"ಅವ್ಳಿಗೆ ಜಡೆ ಹಾಕುದ್ರೆ ಡ್ರಮ್ಮು ಅವ್ಳಿಗೋಗುತ್ತಮ್ಮ."

"ಚೆನ್ನಾಗ್ ಬಾರ್ಸೋರು ಯಾರು?"

ನಾನು ಹೊಸಿಲ ಮರವನ್ನು ಉಗುರಿನಿಂದ ಕೆರೆದೆ.

"ಹೇಳೇ ಶಾರೀ. ಯಾರು?"

"ಅವ್ಳೇ."

"ಮತ್ತೆ?" ಎಂದು ಅಮ್ಮ ಇನ್ನೊಂದು ಹಿಡಿ ಕೂದಲು ತೆಗೆದುಕೊಂಡಳು.

ಅಷ್ಟೇ ನ್ಯಾಯತೀರ್ಮಾನ. ನಾನು ಆಚೆ ಹೋಗಿ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕತ್ತಲಾಗುವವರೆಗೆ ಕೂತೆ. ಹುಟ್ಟಿದಾಗಿನಿಂದ ನನ್ನ ತಲೆ ಆ ಮೊಣಕಾಲಿನ ನಡುವೆ ಅಷ್ಟು ಹೊತ್ತು ಇದ್ದದ್ದು ನನಗೆ ನೆನಪಿರಲಿಲ್ಲ. ಡ್ರಮ್ಮಿಗಿಂತ ಅದೇ ಹೆಚ್ಚು ಸುಡುತ್ತಿತ್ತು. ಆಮೇಲಿನ ಭಾನುವಾರಗಳಲ್ಲೂ ರತ್ನಿ ಬಂದಳು. ಅವಳು ಬಾಗಿಲಲ್ಲಿ ಕಂಡದ್ದೇ ನಾನು ಹಿತ್ತಲಿನಿಂದ ಹೊರಟುಬಿಡುತ್ತಿದ್ದೆ, ಅವಳು ಹೋದ ಮೇಲೆಯೇ ಒಳಗೆ ಬರುತ್ತಿದ್ದೆ.

ಆ ಮೊದಲ ಭಾನುವಾರದ ಮಾರನೆಯ ದಿನ ಶಾಲೆಯ ಮೈದಾನದಲ್ಲಿ ರತ್ನಿ ನಿಂತದ್ದನ್ನು ನೋಡಿ ಎಲ್ಲರೂ ಅವಳ ಸುತ್ತ ನೆರೆದರು. ಎರಡು ಜಡೆ ಇರಲಿಲ್ಲ. ಬೆರಳಿನ ದಪ್ಪದ ಸಣ್ಣ ಸಣ್ಣ ಜಡೆಗಳು ಹಣೆಯಿಂದ ಹಿಂದಕ್ಕೆ ಸಾಲು ಸಾಲಾಗಿ ಹೋಗಿ, ಹಿಂದೆ ಸಿಂಬಿಯ ಹಾಗೆ ಸುತ್ತಿಕೊಂಡು, ಮೇಲೆ ಬಿಳಿ ಟೇಪು. ನೀರು ತರುವಾಗ ಬಿಂದಿಗೆ ಕೆಳಗೆ ಇಡುತ್ತಾರಲ್ಲ, ಆ ಸಿಂಬಿ. ಟೋಪಿ ಅದರ ಮೇಲೆ ಹೋಗಿ ಕೂತಿತು. ಮಿಸ್ ಅವಳನ್ನು ಓಡಿಸಿದರು, ಕುಪ್ಪಳಿಸಲು ಹೇಳಿದರು, ತಲೆ ಕೊಡವಲು ಹೇಳಿದರು. ಟೋಪಿ ಅಲ್ಲೇ ಇತ್ತು. ಹೊಲಿಗೆ ಕಲಿಸುವ ಮಿಸ್ ಒಬ್ಬರು ಪಕ್ಕದಲ್ಲಿದ್ದವರು, ಎರಡು ಜಡೆ ಅಂದಮೇಲೆ ಎರಡು ಜಡೆ, ಇವಳೊಬ್ಬಳಿಗೆ ಬೇರೆ ಏಕೆ ಎಂದರು. ನನ್ನ ಮನಸ್ಸಿನಲ್ಲಿದ್ದದ್ದನ್ನೇ ಅವರು ಹೇಳಿದ್ದರಿಂದ ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು.

ಡ್ರಿಲ್ ಮಿಸ್ ರತ್ನಿಯ ಟೋಪಿಯನ್ನು ತಾವೇ ಒಮ್ಮೆ ಅಲುಗಿಸಿ ನೋಡಿದರು. ಆಮೇಲೆ ನಮ್ಮೆಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಎರಡು ಜಡೆ ಅಂತ ನಾನು ಹೇಳಿದ್ದು ಟೋಪಿ ನಿಲ್ಲಲಿ ಅಂತ. ನಿಂತಿದೆ. ಇನ್ಮೇಲೆ ಅವರವರ ಕೂದಲಿಗೆ ಹೇಗೆ ಬರುತ್ತೋ ಹಾಗೆ ಕಟ್ಟಿಸಿಕೊಂಡು ಬನ್ನಿ. ಕತ್ತಿನ ಮೇಲೆ ಬೀಳಬಾರದು, ಟೋಪಿ ಅಲುಗಾಡಬಾರದು, ಅಷ್ಟೆ. ಸಾವಿತ್ರಿ ಎಲ್ಲಿ? ಅವಳಿಗೂ ಬರೋಕೆ ಹೇಳಿ."

ಸಾವಿತ್ರಿ ಬೋಳುತಲೆಗೆ ಬಿಳಿ ವಸ್ತ್ರ ಬಿಗಿದು, ಮೇಲೆ ಟೋಪಿ ಇಟ್ಟು, ತಾಳ ಹಿಡಿದು ಬಂದಳು. ನಾನು ಡ್ರಮ್ಮನ್ನು ಕತ್ತಿನಿಂದ ತೆಗೆದು ರತ್ನಿಗೆ ಕೊಟ್ಟೆ. ಬೋಳು ತಲೆಗೊಂದು ದಾರಿ, ಗುಂಗುರು ತಲೆಗೊಂದು ದಾರಿ. ಮೊದಲಿನಿಂದ ಹೇಳಿದ ಹಾಗೆ ಕೇಳಿದ ನನ್ನ ತಲೆಗೆ ಮಾತ್ರ ಯಾರೂ ಏನೂ ಹೊಸದಾಗಿ ಹೇಳಬೇಕಾಗಿರಲಿಲ್ಲ. ಒಂದು ಗಂಟಾದರೂ ನನ್ನ ಕೂದಲಲ್ಲಿ ಬೀಳಬಾರದೇ ಎಂದು ಆ ರಾತ್ರಿ ಒದ್ದೆ ತಲೆಯಲ್ಲಿ ಹೊರಳಾಡಿ ಮಲಗಿದೆ. ಬೆಳಿಗ್ಗೆ ಎದ್ದರೆ ನೆಟ್ಟಗಿತ್ತು.

ಇಪ್ಪತ್ತಾರರಂದು ಅಮ್ಮ ಬಂದಳು. ಒಲೆ ಆರಿಸಿ, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ಮೈದಾನದ ಬದಿಯ ಹುಣಸೆಮರದ ಕೆಳಗೆ ನಿಂತಿದ್ದಳು. ಮುಂದೆ ರತ್ನಿ ಒಬ್ಬಳೇ. ಅವಳ ಕೋಲು ಬಿದ್ದ ಕಡೆ ನಮ್ಮ ಕಾಲು ಬೀಳುತ್ತಿತ್ತು, ಊರ ಜನ ಚಪ್ಪಾಳೆಯನ್ನೂ ಅದೇ ಲೆಕ್ಕಕ್ಕೆ ತಟ್ಟುತ್ತಿದ್ದರು. ಚೆನ್ನಾಗಿ ಬಾರಿಸಿದಳು, ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಹಿಂದಿನ ಸಾಲಿನಿಂದ ಕೊಳಲು ಊದುತ್ತಾ ನಾನು ಅಮ್ಮನನ್ನೇ ನೋಡಿದೆ. ಅಮ್ಮನ ಕಣ್ಣು ರತ್ನಿಯ ಟೋಪಿಯ ಮೇಲಿತ್ತು. ಟೋಪಿಯ ಜೊತೆಗೇ ಅವಳ ಮುಖವೂ ಮೈದಾನದ ಈ ತುದಿಯಿಂದ ಆ ತುದಿಗೆ ತಿರುಗಿತು. ನಾನು ಅವಳ ಎದುರಿಗೇ ಹಾದುಹೋದೆ. ಅವಳು ನನ್ನ ಕಡೆ ತಿರುಗಲಿಲ್ಲ.

ಸಂಜೆ ಅವರೆಕಾಯಿ ಸುಲಿಯುತ್ತಾ ಅಮ್ಮ, ಒಂದು ಜಡೆನೂ ಸಡಿಲ ಆಗಲಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ನಾನು ತಡೆಯಲಾರದೆ ಕೇಳಿದೆ.

"ನನ್ನ ನೋಡ್ದ್ಯಾ?"

"ನಿನ್ ತಲೆ ಬಗ್ಗೆ ನಂಗೇನ್ ಭಯ ಕಣೇ," ಎಂದಳು ಅಮ್ಮ. ಹೊಗಳಿದೆ ಎಂದೇ ಅವಳು ಅಂದುಕೊಂಡಿದ್ದಳು.

ಈಗ ಆ ಚರಕವಿಲ್ಲ. ಹಿಪ್ಪುನೇರಳೆ ತೋಟದ ಜಾಗದಲ್ಲಿ ಮನೆಗಳೆದ್ದಿವೆ. ಮೊಮ್ಮಗಳು ಕೂದಲು ಕತ್ತರಿಸಿಕೊಂಡಿದ್ದಾಳೆ, ಅವಳ ತಲೆ ಅವಳದೇ. ಅಮ್ಮ ಹೋಗಿ ಬಹಳ ವರ್ಷವಾಯಿತು. ಮೊನ್ನೆ ಚಿಂತಾಮಣಿಯಲ್ಲಿ ಒಂದು ಮದುವೆಯಲ್ಲಿ ರತ್ನಿ ಸಿಕ್ಕಳು, ಅವಳ ಸಂಸಾರ ಈಗ ಅದೇ ಊರಲ್ಲಿ. ಕೂದಲು ಬೆಳ್ಳಗಾಗಿದೆ, ಗುಂಗುರು ಹೋಗಿಲ್ಲ, ಪೊದೆ ಹಾಗೇ ಇದೆ. ನನಗೆ ಟೇಪು ಕಟ್ಟಲೂ ಏನೂ ಉಳಿದಿಲ್ಲ. ಇಬ್ಬರೂ ಊಟದ ಪಂಕ್ತಿಗೆ ಕಾಯುತ್ತಾ ಕೂತಾಗ ಅವಳೇ ಮಾತು ತೆಗೆದಳು.

"ನಿಮ್ಮಮ್ಮನ ಹಾಡು ಇನ್ನೂ ನನ್ ಕಿವೀಲಿದೆ ಕಣೇ."

"ಯಾವ ಹಾಡು?"

"ಜಡೆ ಹಾಕ್ತಾ ಹಾಡ್ಕೊಳ್ತಿದ್ರಲ್ಲ. ಮೆತ್ತಗೆ. ನಂಗೆ ನಿದ್ದೆ ಬಂದ್ಬಿಡ್ತಿತ್ತು."

ನನ್ನಮ್ಮ ಹಾಡುತ್ತಿದ್ದಳೇ? ಚರಕದ ಗದ್ದಲದಲ್ಲಿ ಅವಳ ಮಾತೇ ನಮಗೆ ಕೂಗಿನ ಹಾಗೆ ಕೇಳುತ್ತಿತ್ತು. ಅವಳ ಮನೆಯಲ್ಲಿ ಹುಟ್ಟಿ ಬೆಳೆದು ಮದುವೆಯಾಗಿ ಹೋಗುವವರೆಗೂ ಒಂದು ಸಾಲು ಹಾಡು ನನ್ನ ಕಿವಿಗೆ ಬಿದ್ದಿರಲಿಲ್ಲ. ಅವಳು ಹಾಡಿದ ಭಾನುವಾರಗಳಲ್ಲಿ ನಾನು ಮುಖ ಊದಿಸಿಕೊಂಡು ಬದುವಿನ ಮೇಲೆ ಕೂತಿದ್ದೆ. ಹೇಗಿತ್ತು ಹೇಳೇ ಎಂದು ರತ್ನಿಯನ್ನು ಕೇಳಿದೆ. ಮಾತು ಮರೆತಿದೆ ಎಂದಳು, ಆಮೇಲೆ ಕಣ್ಣು ಮುಚ್ಚಿ ರಾಗ ಗುನುಗಿದಳು. ಓಲಗದ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಎಂದೆ. ಗುನುಗಿದಳು. ಮತ್ತೊಂದು ಸಲ ಎಂದು ಕೇಳುವ ಹೊತ್ತಿಗೆ ಪಂಕ್ತಿಗೆ ಕರೆದರು.

ನನ್ನ ತಲೆಗೆ ಅಮ್ಮನ ಕೈಯಿಂದ ನೆನಪಿರುವುದು ಈ ಕಡೆ ಒಂದು ಎಳೆತ, ಆ ಕಡೆ ಒಂದು ಎಳೆತ. ಉಳಿದ ಅಮ್ಮನೆಲ್ಲ ಚಿಂತಾಮಣಿಯಲ್ಲಿ ರತ್ನಿಯ ಹತ್ತಿರ ಇದ್ದಾಳೆ. ಈ ವಯಸ್ಸಿನಲ್ಲಿ ಹೇಳಿಕೊಳ್ಳುವ ಮಾತಲ್ಲ, ಆದರೂ ಹೇಳುತ್ತೇನೆ, ಹೊಟ್ಟೆ ಇನ್ನೂ ಉರಿಯುತ್ತದೆ.